ಹತ್ತು ಜನ ಸೇರಿ ಹೊಡೆದ್ರೆ ಕೊಲೆ ಸಣ್ಣದಾಗುತ್ತಾ ಸಾರ್? ಅಭಿಯೋಜನಾ ನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ನಿರ್ದೇಶಕರು,
ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆ,
ಬೆಂಗಳೂರು

ಸಾರ್, ನಮಸ್ಕಾರ. ನಾನು ಸೆಷನ್ಸ್ ಕೋರ್ಟಲ್ಲಿ 27 ವರ್ಷ ಸ್ಟೆನೋ ಆಗಿದ್ದು ರಿಟೈರ್ ಆದವನು. ಲಾಯರ್ ಅಲ್ಲ, ಲಾ ಓದಿಲ್ಲ, ಆದ್ರೆ ಜಡ್ಜ್ ಸಾಹೇಬ್ರು ಡಿಕ್ಟೇಟ್ ಮಾಡಿದ ಜಡ್ಜ್‌ಮೆಂಟು ಎಷ್ಟು ಟೈಪ್ ಮಾಡಿದೀನಿ ಅಂದ್ರೆ "ಆರ್ಡಿನರಿ ಕೋರ್ಸ್ ಆಫ್ ನೇಚರ್" (ಸಹಜ ಕ್ರಮದಲ್ಲಿ) ಅನ್ನೋ ನಾಲ್ಕು ಪದ ನಿದ್ದೆಗಣ್ಣಲ್ಲಿ ಕೇಳಿದ್ರೂ ಬೆರಳು ತಾನಾಗೇ ಆಡುತ್ತೆ. ಈ ಪತ್ರ ಪೂರ್ತಿ ಆ ನಾಲ್ಕು ಪದದ ಬಗ್ಗೆನೇ ಅಂತ ಇಟ್ಕೊಳ್ಳಿ. ಹೋಮ್ ಮಿನಿಸ್ಟರಿಗೆ ಬರೀದೆ ನಿಮಗೇ ಯಾಕೆ ಬರೀತಿದೀನಿ ಅನ್ನೋದನ್ನ ಆಮೇಲೆ ಹೇಳ್ತೀನಿ.

2025ರ ಏಪ್ರಿಲ್ 27, ಮಂಗಳೂರು ಹೊರವಲಯದ ಕುಡುಪು ನಿಮಗೆ ನೆನಪಿರುತ್ತೆ. ಕ್ರಿಕೆಟ್ ಮ್ಯಾಚ್ ನಡೀತಿದ್ದ ಜಾಗದ ಹತ್ರ ಕೇರಳದ ವಯನಾಡಿನ ಒಬ್ಬ ಮನುಷ್ಯನ ಹೆಣ ಸಿಕ್ತು. ಪೊಲೀಸರು ಮೊದ್ಲು ಬರ್ಕೊಂಡಿದ್ದು ಅಸಹಜ ಸಾವು ಅಂತ, ಅಂದ್ರೆ ಯುಡಿಆರ್. ಆಮೇಲೆ ಪೋಸ್ಟ್‌ಮಾರ್ಟಂ ಆಗಿ, ಮೈ ತುಂಬಾ ಮೊಂಡು ಪೆಟ್ಟು, ಒಳಗೆ ರಕ್ತಸ್ರಾವ, ಟೈಮಿಗೆ ಚಿಕಿತ್ಸೆ ಸಿಕ್ಕಿಲ್ಲ ಅಂತ ಗೊತ್ತಾಗಿ, ಗಲಾಟೆ ಎದ್ದು, ಆಮೇಲಷ್ಟೇ ಭಾರತೀಯ ನ್ಯಾಯ ಸಂಹಿತೆ 103(2), ಅಂದ್ರೆ ಗುಂಪು ಹತ್ಯೆಯ ಸೆಕ್ಷನ್, ಬಿತ್ತು, ಇನ್‌ಸ್ಪೆಕ್ಟರ್ ಸೇರಿ ಮೂರು ಜನ ಪೊಲೀಸರು ಸಸ್ಪೆಂಡ್ ಆದ್ರು. ಆ ಕೇಸಲ್ಲಿ ಯಾರು ಏನು ಮಾಡಿದ್ರು ಅನ್ನೋದನ್ನ ಕೋರ್ಟು ಹೇಳ್ಬೇಕು, ನಾನು ಇಲ್ಲಿ ಕೂತು ತೀರ್ಪು ಕೊಡಲ್ಲ. ನಂಗೆ ದಿಗಿಲು ಬೇರೆ ಕಡೆ. ಯುಡಿಆರ್‌ನಿಂದ 103ಕ್ಕೆ ಹತ್ತಿದ್ದು ಎಲ್ಲರ ಕಣ್ಣಿಗೂ ಬಿತ್ತು, ಪೇಪರಲ್ಲಿ ಬಂತು. ಇಂಥ ಕೇಸುಗಳು ನಾಲ್ಕೈದು ವರ್ಷ ಆದ್ಮೇಲೆ ಸದ್ದಿಲ್ದೆ 103ರಿಂದ 105ಕ್ಕೆ, ಅಂದ್ರೆ ಕೊಲೆಯಿಂದ ಕೊಲೆಯಲ್ಲದ ನರಹತ್ಯೆಗೆ, ಇಳೀತಾವಲ್ಲ, ಅದನ್ನ ಯಾರೂ ನೋಡಲ್ಲ. ಅಷ್ಟೊತ್ತಿಗೆ ಟಿವಿಯೋರು ಮನೆಗೆ ಹೋಗಿರ್ತಾರೆ.

ಗೊತ್ತಿಲ್ಲದೋರಿಗೆ ಒಂದ್ಮಾತು. ಹಳೇ ಐಪಿಸಿಯ 299, 300, 302, 304 ಈಗ ಭಾರತೀಯ ನ್ಯಾಯ ಸಂಹಿತೆ, ಅಂದ್ರೆ ಬಿಎನ್‌ಎಸ್‌ನಲ್ಲಿ, 100, 101, 103, 105 ಆಗಿವೆ, 2024ರ ಜುಲೈ 1ರಿಂದ. ಕ್ರಮವಾಗಿ ನರಹತ್ಯೆ ಅಂದ್ರೇನು, ಕೊಲೆ ಅಂದ್ರೇನು, ಕೊಲೆಗೆ ಶಿಕ್ಷೆ, ಕೊಲೆಯಲ್ಲದ ನರಹತ್ಯೆಗೆ ಶಿಕ್ಷೆ. ನಂಬರ್ ಬದಲಾಯ್ತು, ಕೊಲೆ ಅಂದ್ರೇನು ಅನ್ನೋ ವ್ಯಾಖ್ಯಾನ 1860ರದ್ದೇ. ಉದ್ದೇಶ ಇಟ್ಕೊಂಡೋ ಗೊತ್ತಿದ್ದೋ ಒಬ್ಬ ಮನುಷ್ಯನನ್ನ ಸಾಯಿಸೋದು ದಂಡನೀಯ ನರಹತ್ಯೆ, ಅದ್ರಲ್ಲಿ ಕೆಲವಷ್ಟು ಕೊಲೆ. ಮಾವಿನಹಣ್ಣೆಲ್ಲ ಬಾದಾಮಿ ಅಲ್ಲ, ಬಾದಾಮಿ ಮಾತ್ರ ಮಾವೇ, ಅಷ್ಟು ಸಲೀಸು. ಕೊಲೆ ಅಂತಾದ್ರೆ ಮರಣದಂಡನೆ ಇಲ್ಲ ಜೀವಾವಧಿ, ಅದಕ್ಕಿಂತ ಕೆಳಗೆ ಜಡ್ಜ್ ಇಳಿಯೋ ಹಾಗಿಲ್ಲ. ಕೊಲೆಯಲ್ಲದ ನರಹತ್ಯೆ ಅಂತಾದ್ರೆ ಏಳು ವರ್ಷನೂ ಆಗ್ಬಹುದು, ಐದೂ ಆಗ್ಬಹುದು. ಪೇಪರ್‌ನೋರು ಇದನ್ನ "ಉದ್ದೇಶಪೂರ್ವಕವಲ್ಲದ ಕೊಲೆ" ಅಂತ ಬರೀತಾರೆ, ಅದು ತಪ್ಪು ಸಾರ್. 304ರ ಮೊದಲನೇ ಭಾಗದಲ್ಲಿ ಉದ್ದೇಶ ಇದ್ದೇ ಇದೆ, ಅದಿಲ್ದೆ ಬರೀ ಅರಿವು ಇರೋದು ಎರಡನೇ ಭಾಗಕ್ಕೆ. ಈ ಒಂದು ತಪ್ಪು ಅನುವಾದದಿಂದ ಜನರ ತಲೇಲಿ ಏನು ಕೂತಿದೆ ಅಂದ್ರೆ, ಸಾಯಿಸಲೇಬೇಕು ಅಂತ ಮನಸ್ಸಿದ್ರೆ ಮಾತ್ರ ಕೊಲೆ, ಬುದ್ಧಿ ಕಲಿಸೋಕೆ ಹೊಡೆದಾಗ ಸತ್ರೆ ಅದು ಬೇರೆ ಏನೋ. ಜನರ ತಲೇಲಿ ಕೂತಿದ್ರೆ ಪರವಾಗಿಲ್ಲ ಅನ್ನಬಹುದಿತ್ತು. ನಿಮ್ಮ ಪಿಪಿಗಳಲ್ಲಿ, ಅಂದ್ರೆ ಸರ್ಕಾರಿ ವಕೀಲರಲ್ಲಿ, ಕೆಲವರ ತಲೇಲೂ ಅದೇ ಕೂತಿದೆ.

2023ನೇ ಇಸವಿ ತಗೊಳ್ಳಿ. ಏಪ್ರಿಲಲ್ಲಿ ಕೇರಳದ ಮಣ್ಣಾರ್ಕಾಡ್ ಸ್ಪೆಷಲ್ ಕೋರ್ಟು ಅಟ್ಟಪ್ಪಾಡಿಯ ಆದಿವಾಸಿ ಯುವಕನ ಕೇಸಲ್ಲಿ ತೀರ್ಪು ಕೊಡ್ತು. 2018ರ ಫೆಬ್ರವರಿ 22, ಅಕ್ಕಿ ಕದ್ದ ಅಂತ ಕಾಡಿಂದ ಎಳ್ಕೊಂಡು ಬಂದು, ಕೈ ಕಟ್ಟಿ, ಸೆಲ್ಫಿ ತೆಗೆದು, ಹೊಡೆದಿದ್ದ ಕೇಸು, ಇಡೀ ದೇಶ ಆ ಫೋಟೋ ನೋಡಿದೆ. 16 ಆರೋಪಿಗಳಲ್ಲಿ 14 ಜನ ತಪ್ಪಿತಸ್ಥರು ಅಂತ ಆಯ್ತು, ಆದ್ರೆ ಕೊಲೆಗಲ್ಲ, 304 ಎರಡನೇ ಭಾಗ, 13 ಜನರಿಗೆ ಏಳು ವರ್ಷ. ಮೇ 25ಕ್ಕೆ ರಾಜಸ್ಥಾನದ ಆಲ್ವಾರ್, 2018ರಲ್ಲಿ ದನ ಹೊಡ್ಕೊಂಡು ಹೋಗ್ತಿದ್ದೋನನ್ನ ರಾತ್ರಿ ಹಿಡಿದು ಹೊಡೆದಿದ್ದು, ನಾಲ್ಕು ಜನರಿಗೆ 304 ಮೊದಲನೇ ಭಾಗ, ಏಳು ವರ್ಷ. ಜುಲೈ 5ಕ್ಕೆ ಜಾರ್ಖಂಡದ ಸರಾಯ್‌ಕೇಲಾ, 2019ರಲ್ಲಿ ಕಳ್ಳ ಅಂತ ಕಂಬಕ್ಕೆ ಕಟ್ಟಿ ರಾತ್ರಿಯೆಲ್ಲ ಹೊಡೆದಿದ್ದು, ಹತ್ತು ಜನರಿಗೆ 304 ಮೊದಲನೇ ಭಾಗ, ಹತ್ತು ವರ್ಷ. ಮೂರು ರಾಜ್ಯ, ಮೂರು ಕೋರ್ಟು, ನಾಲ್ಕು ತಿಂಗಳೊಳಗೆ. ಒಂದೂ ಕೊಲೆ ಅಲ್ಲ! ಆ ಜಡ್ಜ್‌ಗಳಿಗೆ ಮನಸ್ಸಿರಲಿಲ್ಲ ಅಂತ ನಾನು ಹೇಳ್ತಿಲ್ಲ. ಎದುರಿಗೆ ಬಂದ ಸಾಕ್ಷ್ಯದ ಮೇಲೆ ಬರೆದ್ರು. ಸಾಕ್ಷ್ಯ ಯಾರು ತರ್ಬೇಕು ಅನ್ನೋದೇ ನನ್ನ ಪ್ರಶ್ನೆ.

ಯಾಕಂದ್ರೆ ಕಾನೂನು ಹೀಗೆ ಹೇಳಲ್ಲ ಸಾರ್. 300ರಲ್ಲಿ ನಾಲ್ಕು ದಾರಿ ಇದೆ ಕೊಲೆ ಅನ್ನಿಸ್ಕೊಳ್ಳೋಕೆ. ಸಾಯಿಸೋ ಉದ್ದೇಶ ಅನ್ನೋದು ಅದ್ರಲ್ಲಿ ಮೊದಲನೇದು ಅಷ್ಟೇ. ಮೂರನೇದು, ನಮ್ಮ ಕೋರ್ಟ್ ಭಾಷೇಲಿ "ಥರ್ಡ್ಲಿ", ಅದು ಕೇಳೋದು ಬೇರೆ. 1958ರಲ್ಲಿ ವಿರ್ಸಾ ಸಿಂಗ್ ಕೇಸಲ್ಲಿ ಜಸ್ಟಿಸ್ ವಿವಿಯನ್ ಬೋಸ್ ಅದನ್ನ ಬಿಡಿಸಿ ಇಟ್ಟಿದಾರೆ. ಅಲ್ಲಿ ಆಗಿದ್ದು ಒಂದೇ ಒಂದು ಭರ್ಜಿ ತಿವಿತ. ಗಾಯ ಇದೆಯಾ, ಎಂಥ ಗಾಯ, ಆ ಗಾಯ ಮಾಡ್ಬೇಕು ಅಂತಲೇ ಮಾಡಿದ್ದಾ ಇಲ್ಲ ಕೈತಪ್ಪಿ ಆಗಿದ್ದಾ, ಇಷ್ಟು ನೋಡಿ, ಆಮೇಲೆ ಕೊನೇ ಪ್ರಶ್ನೆ, ಇಂಥ ಗಾಯ ಸಹಜ ಕ್ರಮದಲ್ಲಿ ಸಾವು ತರೋಕೆ ಸಾಕಾ. ಈ ಕೊನೇದಕ್ಕೂ ಹೊಡೆದೋನ ಮನಸ್ಸಿಗೂ ಸಂಬಂಧನೇ ಇಲ್ಲ, ಅದು ಬರೀ ಡಾಕ್ಟರ್ ಹೇಳೋ ಮಾತು. "ಸಾಯ್ತಾನೆ ಅಂತ ಗೊತ್ತಿರಲಿಲ್ಲ ಸ್ವಾಮಿ" ಅಂದ್ರೆ ನಡಿಯಲ್ಲ. ಸಾಯೋ ಅಂಥ ಗಾಯ ಮಾಡ್ತಾ ಓಡಾಡಿ ಆಮೇಲೆ ಕೊಲೆ ಅಲ್ಲ ಅನ್ನೋಕೆ ಯಾರಿಗೂ ಲೈಸೆನ್ಸ್ ಕೊಟ್ಟಿಲ್ಲ ಅನ್ನೋ ಅರ್ಥದಲ್ಲಿ ಬೋಸ್ ಅವರೇ ಬರೆದಿದಾರೆ.

ಒಂಟಿ ತಿವಿತ ಬಿಡಿ, ಗುಂಪು ಹೊಡೆದ ಕೇಸಿಗೆ ಬರೋಣ ಅಂದ್ರೆ ಅಲ್ಲೂ ದಾರಿ ತೋರಿಸಿದಾರೆ. 1965ರಲ್ಲಿ ರಾಜಸ್ಥಾನದ ಅಂಡಾ ಕೇಸು, ಜಸ್ಟಿಸ್ ಹಿದಾಯತುಲ್ಲಾ ಬರೆದಿದ್ದು. ಒಬ್ಬನನ್ನ ಮನೆಯೊಳಗೆ ಎಳ್ಕೊಂಡು ಹೋಗಿ ಕೈಕಾಲು ಜಜ್ಜಿ ಹಾಕಿದ್ರು. ತಲೆಗೆ ಹೊಡೆದಿಲ್ಲ, ಎದೆಗೆ ಹೊಡೆದಿಲ್ಲ, ಹಾಗಾಗಿ ಸಾಯಿಸೋ ಮನಸ್ಸು ಇರಲಿಲ್ಲ ಅನ್ನೋ ವಾದ ಬಂತು, ಸುಪ್ರೀಂ ಕೋರ್ಟು ಒಪ್ಪಲಿಲ್ಲ, ಕೊಲೆನೇ ಅಂತು. 1976ರಲ್ಲಿ ಆಂಧ್ರದ ಪುನ್ನಯ್ಯ ಕೇಸು, ಇದು ನಾನು ಟೈಪ್ ಮಾಡಿದ ಜಡ್ಜ್‌ಮೆಂಟುಗಳಲ್ಲಿ ನೂರಾರು ಸಲ ಬಂದಿರ್ಬೇಕು, ಅದ್ರ ಸೈಟೇಷನ್ನು ನಂಗೆ ಮನೆ ಫೋನ್ ನಂಬರ್ ಥರ. ಊರ ರಾಜಕೀಯ ದ್ವೇಷ, 55ರ ಆಸುಪಾಸಿನ ಮನುಷ್ಯ ಕೈ ಮುಗಿದು ನಿಂತಿದಾರೆ, ದಪ್ಪ ದೊಣ್ಣೇಲಿ ಕೈಕಾಲಿಗೆ ಬಾರಿಸ್ತಿದಾರೆ. ನೋಡ್ತಿದ್ದೋನೊಬ್ಬ, ಎಮ್ಮೆಗೆ ಹೊಡೆದ ಹಾಗೆ ಮನುಷ್ಯನಿಗೆ ಯಾಕೆ ಹೊಡೀತೀರಾ ಅಂತ ಕೇಳಿದ. ನೀನ್ಯಾರು ಕೇಳೋಕೆ ಅಂತ ಗದರಿಸಿ, ಪ್ರಜ್ಞೆ ತಪ್ಪೋವರೆಗೆ ಹೊಡೆದ್ರು. 19 ಗಾಯ, ಒಂದೂ ಮರ್ಮಸ್ಥಾನದಲ್ಲಿ ಇಲ್ಲ. ಹೈಕೋರ್ಟು ಅದನ್ನೇ ಹಿಡ್ಕೊಂಡು 304 ಎರಡನೇ ಭಾಗಕ್ಕೆ ಇಳಿಸಿತ್ತು, ಸ್ಟೇಟ್ ಅಪೀಲ್ ಹೋಯ್ತು, ಜಸ್ಟಿಸ್ ಸರ್ಕಾರಿಯಾ ವಾಪಸ್ 302 ಮಾಡಿದ್ರು. ಗಮನಿಸಿ ಸಾರ್, ಸ್ಟೇಟ್ ಅಪೀಲ್ ಹೋಯ್ತು. ಹೋಗಿಲ್ದಿದ್ರೆ ಆ ತೀರ್ಪೇ ಇರ್ತಿರಲಿಲ್ಲ, ಹೈಕೋರ್ಟಿನ ಸಾಲೇ ಕೊನೇ ಸಾಲಾಗಿರ್ತಿತ್ತು.

ಹಾಗಾದ್ರೆ ಇಷ್ಟು ಸ್ಪಷ್ಟ ಇರೋದು ಕೆಳಗಿನ ಕೋರ್ಟಲ್ಲಿ ಯಾಕೆ ಜಾರುತ್ತೆ? ನಾನು ನೋಡಿದ್ದನ್ನ ಹೇಳ್ತೀನಿ, ಊರು ಹೆಸರು ಬೇಡ.

ಒಂದು ಹಳ್ಳೀಲಿ ಬೋರ್‌ವೆಲ್ ಕೇಬಲ್ ಕಳ್ಳತನ ಜಾಸ್ತಿ ಆಗಿತ್ತು, ಪಕ್ಕದ ಊರಿನ ಕೂಲಿಯೋನೊಬ್ಬ ರಾತ್ರಿ ಹೊತ್ತು ತೋಟದ ಹತ್ರ ಕಂಡ ಅಂತ ಹಿಡಿದ್ರು. ತೆಂಗಿನಮರಕ್ಕೆ ಕಟ್ಟಿ ಡ್ರಿಪ್ ಪೈಪು, ಸೌದೆ, ಬೆಲ್ಟು, ಕೈಗೆ ಸಿಕ್ಕಿದ್ದರಲ್ಲಿ ಹೊಡೆದ್ರು, ಬೆಳಗ್ಗೆ ಆಸ್ಪತ್ರೇಲಿ ಸತ್ತ. 11 ಜನ ಆರೋಪಿಗಳು. ಪೋಸ್ಟ್‌ಮಾರ್ಟಂ (ಪಿಎಂ) ಮಾಡಿದ ಡಾಕ್ಟ್ರು ಸಾಕ್ಷಿಗೆ ಬಂದ್ರು, ಪಿಪಿ ಸಾಹೇಬ್ರು ಚೀಫ್‌ನಲ್ಲಿ, ಅಂದ್ರೆ ತಮ್ಮ ಸಾಕ್ಷಿಯ ಮೊದಲ ವಿಚಾರಣೇಲಿ, ಗಾಯದ ಪಟ್ಟಿ ಓದಿಸಿದ್ರು, ರಿಪೋರ್ಟ್ ಮಾರ್ಕ್ ಮಾಡಿಸಿದ್ರು, ಸಾವಿಗೆ ಕಾರಣ ಶಾಕ್ ಅಂಡ್ ಹೆಮರೇಜ್ ಅಂತ ಹೇಳಿಸಿ ಕೂತ್ಕೊಂಡ್ರು. ಹತ್ತು ನಿಮಿಷ ಆಗಿರ್ಲಿಕ್ಕಿಲ್ಲ. ಆಮೇಲೆ ಡಿಫೆನ್ಸ್ ಲಾಯರ್ ಎದ್ದು ಕ್ರಾಸ್ ಶುರು ಮಾಡಿದ್ರು, ವಯಸ್ಸಾದವರು, ಒಳ್ಳೇ ಕೈ. "ಡಾಕ್ಟ್ರೇ, ಒಂದನೇ ಗಾಯ, ತೊಡೆ ಮೇಲಿನ ಬಾಸುಂಡೆ, ಇದೊಂದರಿಂದಲೇ ಮನುಷ್ಯ ಸಾಯ್ತಾನಾ?" ಇಲ್ಲ ಅಂದ್ರು. ಎರಡನೇದು, ಇಲ್ಲ. ಮೂರನೇದು, ಇಲ್ಲ. ಹಾಗೇ 22ರವರೆಗೆ ಒಂದೊಂದೇ ಕೇಳಿದ್ರು, ನಾನು 22 ಸಲ "ಇಲ್ಲ" ಅಂತ ಬರ್ಕೊಂಡೆ. ಮೂಳೆ ಮುರಿದ ಒಂದು ಗಾಯಕ್ಕೆ ಮಾತ್ರ ಡಾಕ್ಟ್ರು ಸ್ವಲ್ಪ ತಡವರಿಸಿದ್ರು. ಎಲ್ಲಾ ಗಾಯ ಒಟ್ಟಿಗೆ ಸೇರಿ ಸಾವು ತರೋಕೆ ಸಾಕಾ ಅಂತ ಯಾರೂ ಕೇಳಲಿಲ್ಲ. ರೀ-ಎಗ್ಸಾಮಿನೇಷನ್, ಅಂದ್ರೆ ಕ್ರಾಸ್ ಆದ್ಮೇಲೆ ಮರು ವಿಚಾರಣೆ, ಇದೆಯಾ ಅಂತ ಜಡ್ಜ್ ಸಾಹೇಬ್ರು ಪಿಪಿ ಕಡೆ ನೋಡಿದ್ರು. "ನೋ ರೀ-ಎಗ್ಸಾಮ್ ಮೈಲಾರ್ಡ್" ಅಂದ್ರು ಅವರು, ಇನ್ನೊಂದು ಹಾಲಿಗೆ ಹೋಗ್ಬೇಕಿತ್ತು ಅವರಿಗೆ, ಒಬ್ಬರಿಗೇ ಎರಡು ಕೋರ್ಟು.

ಅಲ್ಲಿಗೆ ಆ ಕೇಸು ಮುಗೀತು. ಜಡ್ಜ್‌ಮೆಂಟ್ ಡಿಕ್ಟೇಟ್ ಮಾಡೋವಾಗ ಸಾಹೇಬ್ರು ಆ ಪ್ಯಾರಾ ಹತ್ರ ನಿಂತ್ರು, ಫೈಲ್ ತಿರುಗಿಸಿ ತಿರುಗಿಸಿ ನೋಡಿದ್ರು, ಒಟ್ಟು ಗಾಯಗಳ ಬಗ್ಗೆ ಡಾಕ್ಟ್ರ ಅಭಿಪ್ರಾಯ ಎಲ್ಲಾದ್ರೂ ಇದೆಯಾ ಅಂತ. ಇರಲಿಲ್ಲ. 304 ಎರಡನೇ ಭಾಗ, ಐದು ವರ್ಷ. ಸತ್ತೋನ ಹೆಂಡ್ತಿ ಕಾರಿಡಾರಲ್ಲಿ ನನ್ನ ಹಿಡ್ಕೊಂಡು ಕೇಳಿದ್ಲು, "ಅಣ್ಣಾ, ಹೊಡೆದಿದ್ದು ಹೌದು ಅಂದ್ರಂತೆ, ಸತ್ತಿದ್ದು ಹೌದು ಅಂದ್ರಂತೆ, ಮತ್ತೆ ಕೊಲೆ ಅಲ್ಲ ಅಂತಾರಲ್ಲ, ಇದೇನು ಸಣ್ಣ ಕೊಲೆನಾ?" ನಂಗೆ ಸೆಕ್ಷನ್ ಎಲ್ಲಾ ಬಾಯಿಪಾಠ, ಆದ್ರೂ ಉತ್ತರ ಬರಲಿಲ್ಲ, ಚೇಂಬರಿಗೆ ಕರೀತಿದಾರೆ ಅಂತ ಸುಳ್ಳು ಹೇಳಿ ಒಳಗೆ ಹೋದೆ.

ಆಮೇಲೆ ನಮ್ಮ ನೆಂಟರಲ್ಲೊಬ್ಬರು ಡಾಕ್ಟ್ರು ಇದಾರೆ, ಅವರನ್ನ ಕೇಳಿದೆ. ಅವರು ಹೇಳಿದ್ದು ಇಷ್ಟು: ಬಾಸುಂಡೆ ಅಂದ್ರೆ ಚರ್ಮದ ಮೇಲಿನ ಗೆರೆ ಅಂತ ಅನ್ಕೋಬೇಡಿ, ಅಡಿಯಲ್ಲಿ ಮಾಂಸಖಂಡ ಜಜ್ಜಿ ಅದರೊಳಗೆ ರಕ್ತ ಸುರಿದಿರುತ್ತೆ, ತೊಡೆ, ಬೆನ್ನು, ಪೃಷ್ಠ ಎಲ್ಲಾ ಕಡೆ ಸೇರಿದ್ರೆ ಲೀಟರ್‌ಗಟ್ಟಲೆ ರಕ್ತ ಹೊರಗೆ ಒಂದು ಹನಿ ಕಾಣದೆ ಒಳಗೇ ಹೋಗಿರುತ್ತೆ, ಜೊತೆಗೆ ಜಜ್ಜಿದ ಮಾಂಸದಿಂದ ಬಿಡುಗಡೆ ಆಗೋ ಪದಾರ್ಥ ಮೂತ್ರಪಿಂಡಕ್ಕೆ ಹೋಗಿ ಕಟ್ಟಿಕೊಳ್ಳುತ್ತೆ. ಮನುಷ್ಯ ಗಂಟೆಗಳಾದ್ಮೇಲೆ, ಕೆಲವು ಸಲ ದಿನಗಳಾದ್ಮೇಲೆ ಸಾಯ್ತಾನೆ. ಕೊನೆಗೆ ನಿಲ್ಲೋದು ಹೃದಯನೇ, ಎಲ್ಲರದ್ದೂ ಹಾಗೇ ಅಲ್ವಾ. ಸರಾಯ್‌ಕೇಲಾದಲ್ಲಿ ಆಗಿದ್ದು ನೋಡಿ, ಹೊಡೆದ ನಾಲ್ಕು ದಿನಕ್ಕೆ ಸತ್ತ, ಕಾರ್ಡಿಯಾಕ್ ಅರೆಸ್ಟ್ ಅಂತ ಬಂತು, ಪೊಲೀಸರು ಚಾರ್ಜ್‌ಶೀಟಲ್ಲಿ 302 ಕಿತ್ತು 304 ಹಾಕಿದ್ರು, ದೇಶದ ತುಂಬಾ ಕೂಗೆದ್ದ ಮೇಲೆ ಡಾಕ್ಟರ್‌ಗಳ ಮತ್ತೊಂದು ಅಭಿಪ್ರಾಯ ತಗೊಂಡು 302 ವಾಪಸ್ ಬಂತು, ಆದ್ರೂ ಕೊನೆಗೆ ತೀರ್ಪು 304ಕ್ಕೇ ನಿಂತ್ಕೊಂಡ್ತು.

ಗುಂಪಿನ ಹೊಡೆತದ ಸ್ವಭಾವನೇ ಇದು. ಒಬ್ಬೊಬ್ಬರೂ ಎರಡೆರಡು ಏಟು ಹಾಕ್ತಾರೆ, ಯಾರದ್ದೂ ಸಾಯಿಸೋ ಏಟಲ್ಲ, ಸೇರಿದ್ರೆ ಹೆಣ. ಡಿಫೆನ್ಸ್ ಲಾಯರ್ ಮಾಡೋ ಕೆಲಸ ಆ ರಾಶಿನ ಮತ್ತೆ ಬಿಡಿಬಿಡಿ ಮಾಡೋದು, ಗಾಯನ ಗಾಯದಿಂದ, ಮನುಷ್ಯನ ಮನುಷ್ಯನಿಂದ. ಅದು ಅವರ ಕೆಲಸ, ಅವರನ್ನ ಬೈಯಲ್ಲ. ಸೇರಿಸಿ ಹಿಡ್ಕೊಳ್ಳೋದು ನಿಮ್ಮೋರ ಕೆಲಸ.

ಅದಕ್ಕೆ ಕಾನೂನಲ್ಲಿ ಹಗ್ಗನೂ ಇದೆ. ಹಳೇ 34, ಈಗ 3(5), ಸಮಾನ ಉದ್ದೇಶ. ಹಳೇ 149, ಈಗ 190, ಐದು ಜನಕ್ಕಿಂತ ಕಮ್ಮಿ ಇಲ್ಲದ ಅಕ್ರಮ ಕೂಟದ ಸಮಾನ ಗುರಿ. 1923ರಲ್ಲಿ ಕಲ್ಕತ್ತಾದ ಶಂಕಾರಿತೊಲಾ ಪೋಸ್ಟಾಫೀಸಿಗೆ ದುಡ್ಡು ಕೀಳೋಕೆ ಹೋದೋರು ಪೋಸ್ಟ್‌ಮಾಸ್ಟರ್‌ಗೆ ಗುಂಡು ಹೊಡೆದ್ರು, ಬರೇಂದ್ರ ಕುಮಾರ್ ಘೋಷ್ ಅನ್ನೋನು ನಾನು ಹೊರಗೆ ಅಂಗಳದಲ್ಲಿ ಬರೀ ನಿಂತಿದ್ದೆ, ಹೆದರ್ಕೊಂಡಿದ್ದೆ ಅಂದ. ಆಗಿನ ಕೊನೇ ಅಪೀಲ್ ಕೋರ್ಟು, ಲಂಡನ್ನಿನ ಪ್ರಿವಿ ಕೌನ್ಸಿಲ್, 1924ರಲ್ಲಿ, ನಿಂತು ಕಾಯೋನೂ ಕೆಲಸ ಮಾಡ್ದಂಗೇ ಅಂತ ಅವನ ಅಪೀಲ್ ತಳ್ಳಿಹಾಕ್ತು. ನೂರು ವರ್ಷದ ಹಳೇ ತೀರ್ಪು, ಇವತ್ತಿಗೂ ಎಲ್ಲಾ ಪಿಪಿಗಳ ಬಾಯಲ್ಲಿದೆ.

ಆದ್ರೆ ಹಗ್ಗ ಜಾಸ್ತಿ ಎಳೆದ್ರೂ ತೊಂದ್ರೆ, ಅದನ್ನೂ ಹೇಳ್ಬೇಕು, ಇಲ್ದಿದ್ರೆ ನಾನು ಟಿವಿ ಆಂಕರ್ ಆಗ್ಬಿಡ್ತೀನಿ. ನಮ್ಮ ಹಳ್ಳಿಗಳಲ್ಲಿ ಒಂದು ಹೆಣ ಬಿದ್ರೆ ಎದುರು ಪಾರ್ಟಿ ಮನೆಯ ಗಂಡಸರ ಹೆಸರೆಲ್ಲ ಎಫ್‌ಐಆರಲ್ಲಿ ಬರುತ್ತೆ, ದುಬೈಲಿ ಇದ್ದೋನ ಹೆಸರೂ ಬಂದಿದ್ದು ನೋಡಿದೀನಿ. ಅದಕ್ಕೇ ಸುಪ್ರೀಂ ಕೋರ್ಟಲ್ಲಿ ಬಲಾದೀನ್ ಕೇಸಲ್ಲಿ ಬರೀ ಅಲ್ಲಿದ್ದ ಅಂದ್ರೆ ಸಾಲದು ಅಂದ್ರು, ಆಮೇಲೆ ಮಸಾಲ್ತಿ ಕೇಸಲ್ಲಿ, ಅಲ್ಲಿ ಐದು ಕೊಲೆ, ದೊಡ್ಡ ಗುಂಪು, ಅದನ್ನ ಸ್ವಲ್ಪ ತಿದ್ದಿ, ಗುಂಪಿನ ಭಾಗ ಆಗಿದ್ರೆ ಪ್ರತಿಯೊಬ್ಬನೂ ಏನಾದ್ರೂ ಮಾಡಿದ ಅಂತ ತೋರಿಸ್ಬೇಕಾಗಿಲ್ಲ, ಆದ್ರೆ ಇಂಥ ದೊಡ್ಡ ಗುಂಪಿನ ಕೇಸಲ್ಲಿ ಎರಡು ಮೂರು ಸಾಕ್ಷಿಗಳಾದ್ರೂ ಒಂದೇ ಥರ ಹೇಳ್ಬೇಕು ಅಂತ ಒಂದು ಜರಡಿ ಇಟ್ರು. ಒಳ್ಳೇ ಜರಡಿ ಅದು. ಇಂಗ್ಲೆಂಡಲ್ಲಂತೂ 2016ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಜೋಗೀ ಅನ್ನೋ ಕೇಸಲ್ಲಿ, ಜೊತೆಗಾರ ಕೊಲೆ ಮಾಡ್ಬಹುದು ಅಂತ ಊಹಿಸಿದ್ದಷ್ಟಕ್ಕೇ ಕೊಲೆಗಾರ ಅನ್ನೋಕಾಗಲ್ಲ, 1984ರಿಂದ ನಾವು ದಾರಿ ತಪ್ಪಿದ್ವಿ ಅಂತ ಒಪ್ಕೊಂಡ್ತು. ನಮ್ಮ 149ರ ಎರಡನೇ ತುಂಡು, "ಆಗೋ ಸಂಭವ ಇದೆ ಅಂತ ಗೊತ್ತಿದ್ರೆ", ಬಿಎನ್‌ಎಸ್‌ನಲ್ಲೂ ಹಾಗೇ ಉಳ್ಕೊಂಡಿದೆ. ಇರಲಿ. ಮೊಬೈಲ್ ಹಿಡ್ಕೊಂಡು ವಿಡಿಯೋ ಮಾಡಿದ ಹುಡುಗನನ್ನೂ ಹೊಡೆಯೋಕೆ ಅಂತ ಕೈ ಹಿಡಿದು ಕೊಟ್ಟೋನನ್ನೂ ಒಂದೇ ತಕ್ಕಡೀಲಿ ತೂಗಿ ಅಂತ ನಾನು ಕೇಳ್ತಿಲ್ಲ. ನಾನು ಕೇಳ್ತಿರೋದು, ಹೊಡೆದೋರು ಯಾರು ಅಂತ ಜರಡಿ ಹಿಡಿದು ತೀರ್ಮಾನ ಆದ್ಮೇಲೂ ಅದು ಕೊಲೆ ಅಲ್ಲ ಅಂತಾಗೋದು ಹೇಗೆ ಅಂತ.

ಅಲ್ಲಿ ಒಂದು ಮಾತು ಪದೇ ಪದೇ ಬರುತ್ತೆ: ಗುಂಪಿನ ಗುರಿ ಪಾಠ ಕಲಿಸೋದಷ್ಟೇ ಇತ್ತು. ಸರಿ, ಪಾಠ ಕಲಿಸೋಕೇ ಹೋದ್ರು ಅಂತಿಟ್ಕೊಳ್ಳಿ. ಮೊದಲ ಏಟಿಗೆ ಅದು ನಿಜ ಇರ್ಬಹುದು. ಕಟ್ಟಿಹಾಕಿದ ಮೇಲೆ, ನೀರು ಕೇಳಿದ ಮೇಲೆ, ತಲೆ ವಾಲಿದ ಮೇಲೂ ಹೊಡೀತಾ ಇದ್ರೆ ಗುರಿ ಅಲ್ಲೇ ನಿಂತಿರುತ್ತಾ? ಗುರಿ ಜಾಗದಲ್ಲೇ ಹುಟ್ಟಬಹುದು, ಜಾಗದಲ್ಲೇ ಬದಲಾಗಬಹುದು ಅಂತ ಕೋರ್ಟುಗಳೇ ಎಷ್ಟೋ ಸಲ ಹೇಳಿವೆ. ಅದನ್ನ ತೋರಿಸೋಕೆ ಗಂಟೆಯ ಲೆಕ್ಕ ಬೇಕು, ಎಷ್ಟೊತ್ತಿಗೆ ಹಿಡಿದ್ರು, ಎಷ್ಟೊತ್ತಿಗೆ ಬಿಟ್ರು, ನಡುವೆ ಯಾರು ಹೋಗಿ ಹೊಸ ದೊಣ್ಣೆ ತಂದ್ರು. 2006ರಲ್ಲಿ ಪುಲಿಚೆರ್ಲ ನಾಗರಾಜು ಕೇಸಲ್ಲಿ ಜಸ್ಟಿಸ್ ರವೀಂದ್ರನ್, ನಮ್ಮ ಕರ್ನಾಟಕ ಹೈಕೋರ್ಟಿಂದ ಹೋದವರು, ಉದ್ದೇಶ ಹುಡುಕೋದು ಹೇಗೆ ಅಂತ ಉದ್ದಕ್ಕೆ ಬರೆದಿದಾರೆ, ಆಯುಧ ಎಂಥದ್ದು, ಮನೆಯಿಂದ ತಂದಿದ್ದಾ ಅಲ್ಲೇ ಸಿಕ್ಕಿದ್ದಾ, ಎಷ್ಟು ಬಲ, ಒಂದೇಟಾ ಹಲವು ಏಟಾ, ಹೀಗೆ. ಅದ್ರ ಜೊತೆಗೆ ಕೊಲೆನ ಹಗುರ ಮಾಡಿ 304ಕ್ಕೆ ಇಳಿಸೋದೂ ಬೇಡ, 304ನ ಕೊಲೆ ಮಾಡೋದೂ ಬೇಡ ಅಂತ ಎಚ್ಚರ ಹೇಳಿದಾರೆ. ನಮ್ಮ ಐಓಗಳ, ಅಂದ್ರೆ ತನಿಖಾಧಿಕಾರಿಗಳ, ಮಹಜರಿನಲ್ಲಿ ಇದೆಲ್ಲ ಎಲ್ಲಿರುತ್ತೆ? "ಸದರಿ ಆರೋಪಿಗಳು ಅಕ್ರಮ ಕೂಟ ಕಟ್ಟಿಕೊಂಡು ಸಮಾನ ಉದ್ದೇಶದಿಂದ ದೊಣ್ಣೆಗಳಿಂದ ಹೊಡೆದು" ಅಂತ ಒಂದೇ ಸಾಲು, 27 ವರ್ಷವೂ ಅದೇ ಸಾಲು, ಆರೋಪಿಗಳ ಹೆಸರು ಮಾತ್ರ ಬದಲು.

ಚಿಕಿತ್ಸೆ ಸಿಗದೆ ಸತ್ತ ಅನ್ನೋದು ಇನ್ನೊಂದು ಬಾಗಿಲು. ಆಲ್ವಾರಲ್ಲಿ ಪೊಲೀಸರ ಕೈಗೆ ಸಿಕ್ಕಿದ ಮೇಲೂ ಆಸ್ಪತ್ರೆ ಸೇರೋಕೆ ಗಂಟೆಗಟ್ಟಲೆ ಆಯ್ತು, ಕುಡುಪುವಿನ ಪಿಎಂ ರಿಪೋರ್ಟಲ್ಲೂ ಚಿಕಿತ್ಸೆ ಇಲ್ಲದ ವಿಷಯ ಇದೆ. ಇದನ್ನ ನಾಳೆ ಯಾರಾದ್ರೂ ಎತ್ತೇ ಎತ್ತುತಾರೆ. 299ರ ಎರಡನೇ ವಿವರಣೆ, ಈಗಿನ 100ರಲ್ಲೂ ಇದೆ: ಒಳ್ಳೇ ಚಿಕಿತ್ಸೆ ಸಿಕ್ಕಿದ್ರೆ ಬದುಕ್ತಿದ್ದ ಅನ್ನೋದ್ರಿಂದ ಗಾಯ ಮಾಡಿದೋನು ತಪ್ಪಿಸ್ಕೊಳ್ಳೋ ಹಾಗಿಲ್ಲ. ನಿಮ್ಮ ಪಿಪಿ ಅಲ್ಲಿ ಎದ್ದು ನಿಂತು ಅದನ್ನ ಓದಿದ್ರೆ ಆಯ್ತು, ಎರಡು ಸಾಲು.

ಈಗ 103(2). 2018ರ ಜುಲೈ 17ಕ್ಕೆ ತೆಹಸೀನ್ ಪೂನಾವಾಲಾ ಕೇಸಲ್ಲಿ ಸುಪ್ರೀಂ ಕೋರ್ಟು ಗುಂಪು ಹತ್ಯೆಗೆ ಬೇರೆ ಕಾನೂನು ಮಾಡಿ ಅಂತ ಸಂಸತ್ತಿಗೆ ಹೇಳ್ತು. ಅದಕ್ಕೆ ನಾಲ್ಕು ದಿನ ಮುಂಚೆ, ಜುಲೈ 13ಕ್ಕೆ, ನಮ್ಮ ಬೀದರ್‌ನ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ರು ಅನ್ನೋ ಕಾರಣಕ್ಕೆ ವಾಟ್ಸಾಪ್ ನಂಬಿ ಹೈದರಾಬಾದಿನ ಸಾಫ್ಟ್‌ವೇರ್ ಹುಡುಗನನ್ನ ಹೊಡೆದು ಸಾಯಿಸಿದ್ರು. ಆರು ವರ್ಷ ಆದ್ಮೇಲೆ 103(2) ಜಾರಿಗೆ ಬಂತು. ಐದು ಅಥವಾ ಜಾಸ್ತಿ ಜನ ಕೂಡ್ಕೊಂಡು ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಹುಟ್ಟಿದ ಊರು, ಭಾಷೆ, ವೈಯಕ್ತಿಕ ನಂಬಿಕೆ ಇಂಥ ಕಾರಣಕ್ಕೆ ಕೊಲೆ ಮಾಡಿದ್ರೆ ಪ್ರತಿಯೊಬ್ಬರಿಗೂ ಮರಣದಂಡನೆ ಇಲ್ಲ ಜೀವಾವಧಿ. ಧರ್ಮ ಅನ್ನೋ ಪದ ಮಾತ್ರ ಅದ್ರಲ್ಲಿಲ್ಲ, ಅದು ಬೇರೆ ಕಥೆ.

ಎಲ್ಲರೂ ಚಪ್ಪಾಳೆ ಹೊಡೆದ್ರು. ಆದ್ರೆ ಸ್ಟೆನೋ ಕಣ್ಣಿಗೆ ಒಂದೇ ಪದ ಬಿತ್ತು ಸಾರ್: "ಕೊಲೆ ಮಾಡಿದ್ರೆ". ಅಂದ್ರೆ ಮೊದ್ಲು 101ರ ಪ್ರಕಾರ ಕೊಲೆ ಅಂತ ಸಾಬೀತಾಗ್ಬೇಕು, ಆಮೇಲೆ ಗುಂಪು ಹತ್ಯೆ. ಹಳೇ ಚಾಳಿ ಹಾಗೇ ಮುಂದುವರಿದು, ಸಾಯಿಸೋ ಉದ್ದೇಶ ಇರಲಿಲ್ಲ, 105 ಅಂತ ಬರೆದ್ಬಿಟ್ರೆ, 103(2) ಅಲ್ಲಿಗೇ ಆವಿ. ಗುಂಪಾಗಿ ಜಾತಿ-ಭಾಷೆ ನೋಡಿ ಕೈಕಾಲು ಮುರಿದ್ರೆ 117(4) ಅಂತ ಬೇರೆ ಸೆಕ್ಷನ್ ಇಟ್ಟಿದಾರೆ, ಏಳು ವರ್ಷದವರೆಗೆ. ಗುಂಪಾಗಿ ಕೊಂದ್ರೆ 103(2). ನಡುವೆ 105ರಲ್ಲಿ ಗುಂಪು ಅನ್ನೋ ಮಾತೇ ಇಲ್ಲ. ಮೇಲೊಂದು ಕೆಳಗೊಂದು ಮೆಟ್ಟಿಲು ಕಟ್ಟಿ ನಡುವಿನದ್ದು ಮರೆತಿದಾರೆ, ನಮ್ಮ ಕೇಸುಗಳೆಲ್ಲ ಹೋಗಿ ಬೀಳ್ತಿರೋದು ಆ ನಡುವಿನ ಗುಂಡಿಗೇ. ಹೊಸ ಸೆಕ್ಷನ್‌ನ ಪೂರ್ತಿ ಭಾರ ಆ 1860ರ ಗೆರೆ ಮೇಲೆ ಕೂತಿದೆ.

ಸಾಕ್ಷಿಗಳ ಕಥೆ ನಿಮಗೆ ಹೇಳೋದೇ ಬೇಡ. ಅಟ್ಟಪ್ಪಾಡಿ ಕೇಸಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಉಲ್ಟಾ ಹೊಡೆದ್ರು, ಒಬ್ಬ ವಿಡಿಯೋದಲ್ಲಿ ತಾನೇ ನಿಂತಿದ್ರೂ ಏನೂ ಕಾಣ್ತಿಲ್ಲ ಅಂದ, ಜಡ್ಜ್ ಅವನನ್ನ ಕಣ್ಣಿನ ಟೆಸ್ಟಿಗೆ ಕಳಿಸಿದ್ರು, ಕಣ್ಣು ಸರಿಯಾಗೇ ಇತ್ತು. ಸ್ಪೆಷಲ್ ಪಿಪಿಗಳೇ ಒಬ್ಬರಾದ ಮೇಲೊಬ್ಬರು ಬದಲಾದ್ರು. ನಮ್ಮಲ್ಲಿ ಕಂಬಾಲಪಲ್ಲಿ ಇಲ್ವಾ, 2000ದ ಮಾರ್ಚ್ 11, ಏಳು ಜನ ದಲಿತರು ಸುಟ್ಟು ಹೋದ್ರು, ಒಬ್ಬನಿಗೂ ಶಿಕ್ಷೆ ಆಗಲಿಲ್ಲ, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡೀತು. ಅಲ್ಲಿ 302ನಾ 304ನಾ ಅನ್ನೋ ಚರ್ಚೆವರೆಗೂ ಹೋಗಲಿಲ್ಲ.

ಇನ್ನು ನಿಮಗೇ ಯಾಕೆ ಬರೆದೆ ಅಂದ್ರೆ, ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 20ನೇ ಸೆಕ್ಷನ್ ಓದಿ ಬರೆದೆ. ಹತ್ತು ವರ್ಷ ಅಥವಾ ಜಾಸ್ತಿ, ಜೀವಾವಧಿ, ಮರಣದಂಡನೆ ಇರೋ ಕೇಸುಗಳ ಮೇಲೆ ಕಣ್ಣಿಡೋದು, ಅಪೀಲ್ ಹಾಕ್ಬೇಕಾ ಬೇಡ್ವಾ ಅಂತ ಅಭಿಪ್ರಾಯ ಕೊಡೋದು ಅಭಿಯೋಜನಾ ನಿರ್ದೇಶಕರ ಕೆಲಸ ಅಂತ ಅಲ್ಲೇ ಬರೆದಿದೆ. ಗುಂಪು ಹತ್ಯೆ ಕೇಸಲ್ಲಿ ಡಾಕ್ಟ್ರು ಸಾಕ್ಷಿಗೆ ಬರೋ ದಿನ ಪಿಪಿ ಇನ್ನೊಂದು ಹಾಲಿಗೆ ಓಡೋ ಹಾಗಿರಬಾರದು, ಒಟ್ಟು ಗಾಯಗಳ ಬಗ್ಗೆ ಆ ಒಂದು ಪ್ರಶ್ನೆ ಚೀಫ್‌ನಲ್ಲೇ ಕೇಳಿ ದಾಖಲಿಸ್ಬೇಕು, ಕ್ರಾಸಲ್ಲಿ ಗಾಯನ ಬಿಡಿ ಮಾಡಿದ್ರೆ ರೀ-ಎಗ್ಸಾಮಲ್ಲಿ ಮತ್ತೆ ಸೇರಿಸ್ಬೇಕು. ಒಂದು ಸರ್ಕ್ಯುಲರ್, ಅರ್ಧ ಪುಟ ಸಾಕು, ನೀವು ಹೇಳಿದ್ರೆ ನಾನೇ ಟೈಪ್ ಮಾಡಿ ಕೊಡ್ತೀನಿ, ದುಡ್ಡು ಬೇಡ. ಕೊಲೆ ಚಾರ್ಜ್ 105ಕ್ಕೆ ಇಳಿದ ಪ್ರತಿ ಗುಂಪು ಕೇಸಿನ ತೀರ್ಪು ನಿಮ್ಮ ಟೇಬಲ್ಲಿಗೆ ಬರ್ಬೇಕು, ಪುನ್ನಯ್ಯ ಕೇಸಲ್ಲಿ ಆಂಧ್ರದೋರು ಮಾಡಿದ ಹಾಗೆ ಅಪೀಲ್ ಹೋಗ್ಬೇಕಾ ಅಂತ ನೀವು ಸಹಿ ಹಾಕಿ ಬರೀಬೇಕು. ಬೇಡ ಅಂದ್ರೆ ಯಾಕೆ ಬೇಡ ಅಂತನೂ.

ಈ ಪತ್ರ ಓದ್ತಿರೋರಲ್ಲಿ ಯಾರಾದ್ರೂ ಅಂಥ ಮನೆಯವರಿದ್ರೆ ನಿಮಗೂ ಒಂದ್ಮಾತು. ಕೊಲೆ ಕೇಸು ಕಮ್ಮಿ ಅಪರಾಧಕ್ಕೆ ಇಳಿದ್ರೆ ಅದ್ರ ಮೇಲೆ ಅಪೀಲ್ ಹಾಕೋ ಹಕ್ಕು ಸಂತ್ರಸ್ತರಿಗೇ ನೇರವಾಗಿ ಇದೆ, ಹಳೇ ಸಿಆರ್‌ಪಿಸಿ 372ರಲ್ಲಿ 2009ರ ಕೊನೇ ದಿನದಿಂದ ಇತ್ತು, ಈಗ ಬಿಎನ್‌ಎಸ್‌ಎಸ್ 413. ಸರ್ಕಾರ ಹಾಕಲಿ ಅಂತ ಕಾಯ್ಬೇಕಾಗಿಲ್ಲ. ಲಾಯರ್ ಇಡೋಕೆ ದುಡ್ಡಿಲ್ಲ ಅಂದ್ರೆ ತಾಲ್ಲೂಕು ಕೋರ್ಟಲ್ಲೇ ಕಾನೂನು ಸೇವಾ ಸಮಿತಿ ಇರುತ್ತೆ, ತೀರ್ಪಿನ ಕಾಪಿ ತಗೊಂಡು ತಕ್ಷಣ ಹೋಗಿ, ದಿನ ಕಳೆದಷ್ಟೂ ಕಷ್ಟ. ನನ್ನ ಕಾರಿಡಾರಿನ ಆ ಹೆಣ್ಣುಮಗಳಿಗೆ ಅವತ್ತು ಇಷ್ಟನ್ನಾದ್ರೂ ಹೇಳ್ಬಹುದಿತ್ತು, ಹೇಳಲಿಲ್ಲ. ಆ ಕೇಸಲ್ಲಿ ಯಾರೂ ಅಪೀಲ್ ಹೋಗಲಿಲ್ಲ.

ಇತಿ,
ಒಬ್ಬ ನಿವೃತ್ತ ಸ್ಟೆನೋಗ್ರಾಫರ್, ಸೆಷನ್ಸ್ ಕೋರ್ಟು